ಬೆಟ್ಟದ ಹಾದಿಯ ಸಾಮೂಹಿಕ ಸೈಕಲ್ ಸವಾರಿ: ಸ್ವರೂಪ ಮತ್ತು ಸಿದ್ಧತೆ

ಸಾವಿರಾರು ಹವ್ಯಾಸಿ ಸವಾರರು ಒಂದೇ ದಿನ, ಒಂದೇ ಹಾದಿಯಲ್ಲಿ, ಗೊತ್ತಾದ ಸಮಯದೊಳಗೆ ಬೆಟ್ಟಗಳನ್ನು ಹತ್ತಿಳಿಯುವ ಸೈಕಲ್ ಕೂಟ. ಇಟಲಿಯವರು ಇದನ್ನು ಗ್ರಾನ್ ಫೊಂಡೊ ಎನ್ನುತ್ತಾರೆ, ಫ್ರೆಂಚರು ಸಿಕ್ಲೊಸ್ಪೋರ್ಟಿವ್, ಬ್ರಿಟಿಷರು ಸ್ಪೋರ್ಟಿವ್. ವೃತ್ತಿಪರರ ಪಂದ್ಯದಂತೆ ಇಲ್ಲಿಯೂ ಸವಾರನ ಸಂಖ್ಯೆ, ಸಮಯ ಹಿಡಿಯುವ ಚಿಪ್, ಹಲವೆಡೆ ಮುಚ್ಚಿದ ರಸ್ತೆ, ಹಿಂದುಳಿದವರನ್ನು ಹತ್ತಿಸಿಕೊಳ್ಳುವ ಬಸ್ಸು ಎಲ್ಲವೂ ಇರುತ್ತವೆ. ಆದರೆ ಬಂದವರಲ್ಲಿ ಹೆಚ್ಚಿನವರು ಗೆಲ್ಲಲು ಬಂದವರಲ್ಲ. ಸೋಮವಾರ ಕಚೇರಿಗೆ ಹೋಗಬೇಕಾದ ಮೇಷ್ಟರು, ಎಂಜಿನಿಯರು, ದಾದಿ, ಅಂಗಡಿಯವರು ಭಾನುವಾರ ಸಂಜೆಯೊಳಗೆ ಕೊನೆಯ ಗೆರೆ ದಾಟಿದರೆ ಸಾಕೆಂದುಕೊಂಡು ಹೊರಟಿರುತ್ತಾರೆ. ಅವರಿಗೆ ಎದುರಾಳಿಯೆಂದರೆ ಏರು, ಹವೆ, ಗಡಿಯಾರ ಮತ್ತು ತಮ್ಮದೇ ಆತುರ.

ಹುಟ್ಟು ಮತ್ತು ಬೆಳವಣಿಗೆ

ಬೆಟ್ಟ ಹತ್ತಲು ಸಾಮಾನ್ಯ ಮನುಷ್ಯನಿಗೂ ಸಾಧ್ಯ ಎಂಬ ವಾದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಫ್ರಾನ್ಸಿನ ಸೇಂತ್ ಎತಿಯೆನ್ ಊರಿನ ಪಾಲ್ ದ ವಿವಿ 'ವೆಲೊಸಿಯೊ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪತ್ರಕರ್ತ. ಊರ ಸುತ್ತಲೂ ಬೆಟ್ಟಗಳಿದ್ದುದರಿಂದ ಒಂದೇ ಗೇರಿನ ಸೈಕಲ್ ಅವನಿಗೆ ಸಾಲಲಿಲ್ಲ. ಹಲವು ಗೇರುಗಳ ಸೈಕಲ್‌ಗಾಗಿ ಅವನು ಜೀವಮಾನವಿಡೀ ಪ್ರಯೋಗ ಮಾಡಿದ, ವಾದ ಮಾಡಿದ. 1902ರಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ 240 ಕಿಲೊಮೀಟರ್ ಉದ್ದದ, ಒಟ್ಟು 4,000 ಮೀಟರ್ ಏರಿಕೆಯ ಬೆಟ್ಟದ ಹಾದಿಯಲ್ಲಿ ಮೂರು ಗೇರಿನ ಸೈಕಲ್ ಏರಿದ ಮಾರ್ತ್ ಹೆಸ್ ಎಂಬ ಮಹಿಳೆ, ಒಂದೇ ಗೇರಿನ ಸೈಕಲ್‌ನಲ್ಲಿದ್ದ ಎದುವಾರ್ ಫಿಷರ್ ಎಂಬ ಪ್ರಸಿದ್ಧ ಪಂದ್ಯಗಾರನನ್ನು ಹಿಂದೆ ಹಾಕಿದಳು. ಮರುವರ್ಷ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆಂರಿ ದೆಗ್ರಾಂಜ್ ಇದನ್ನು ಒಪ್ಪಲಿಲ್ಲ. ಗೇರುಗಳೇನಿದ್ದರೂ ನಲವತ್ತೈದು ದಾಟಿದವರಿಗೆ ಎಂದು ಹಂಗಿಸಿದ. ಅವನ ಪಂದ್ಯದಲ್ಲಿ ಸರಪಳಿ ಜರುಗಿಸಿ ಬದಲಾಯಿಸುವ ಡಿರೇಲರ್ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಆ ಹೊತ್ತಿಗೆ ವೆಲೊಸಿಯೊ ತೀರಿಕೊಂಡು ಏಳು ವರ್ಷ ಆಗಿತ್ತು.

ಈಗಿನ ಮಾದರಿಯ ಕೂಟಗಳು ಬಂದದ್ದು 1970ರ ದಶಕದಿಂದ ಈಚೆಗೆ. ಇಟಲಿಯ ಕಡಲತೀರದ ಚೆಜೆನಾತಿಕೊದಲ್ಲಿ 1971ರಲ್ಲಿ ಹುಟ್ಟಿದ ನೋವೆ ಕೋಲಿಯಲ್ಲಿ ಒಂಬತ್ತು ಏರುಗಳಿವೆ. ಮೊದಲ ವರ್ಷ ಬೆರಳೆಣಿಕೆಯ ಮಂದಿ ಹೊರಟ ಹಾದಿಯಲ್ಲಿ ಈಗ ಸಾವಿರಗಟ್ಟಲೆ ಜನ. ಡೊಲೊಮೈಟ್ಸ್ ಪರ್ವತಗಳ ಮಾರತೋನ 1987ರಲ್ಲಿ ಆರಂಭವಾಯಿತು. ಅದರ ದೊಡ್ಡ ಹಾದಿ 138 ಕಿ.ಮೀ. ಉದ್ದದ್ದು, ಏರಿಕೆ 4,230 ಮೀಟರ್. ಅರ್ಜಿ ಹಾಕುವವರು ಜಾಗಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಚೀಟಿ ಎತ್ತಿ ಆಯ್ಕೆ ಮಾಡುತ್ತಾರೆ. 1993ರಿಂದ ನಡೆಯುತ್ತಿರುವ ಎತಾಪ್ ದು ಟೂರ್, ಆ ವರ್ಷದ ಟೂರ್ ದ ಫ್ರಾನ್ಸ್‌ನ ಒಂದು ಹಂತದ ಹಾದಿಯನ್ನೇ ಹವ್ಯಾಸಿಗಳಿಗೆ ತೆರೆದುಕೊಡುತ್ತದೆ. ಹದಿನೈದು ಸಾವಿರದಷ್ಟು ಜನ ಹೊರಡುವ ಈ ಕೂಟದಲ್ಲಿ ಮೊದಲ ಗುಂಪಿಗೂ ಕೊನೆಯ ಗುಂಪಿಗೂ ಗಂಟೆಗಳ ಅಂತರ ಇರುತ್ತದೆ.

ದಕ್ಷಿಣ ಆಫ್ರಿಕದ ಕೇಪ್‌ಟೌನ್ ಸೈಕಲ್ ಟೂರ್‌ನ ಮೂಲವೇ ಬೇರೆ. ನಗರದಲ್ಲಿ ಸೈಕಲ್‌ಗಳಿಗೆ ಪ್ರತ್ಯೇಕ ದಾರಿ ಬೇಕೆಂದು 1978ರಲ್ಲಿ ಐನೂರು ಚಿಲ್ಲರೆ ಸವಾರರು ಹೊರಟದ್ದು ಅದರ ಆರಂಭ. ಇಂದು ಸುಮಾರು ಮೂವತ್ತೈದು ಸಾವಿರ ಜನ 109 ಕಿ.ಮೀ. ಓಡಿಸುತ್ತಾರೆ. ಕಡಲ ಬಂಡೆಗಳನ್ನು ಕೊರೆದು ಮಾಡಿದ ಚಾಪ್‌ಮನ್ಸ್ ಪೀಕ್ ರಸ್ತೆ, ಕೊನೆಗೆ ಎದುರಾಗುವ ಸೈಕರ್‌ಬಾಸಿ ಏರು ಇದರ ಗುರುತುಗಳು. ಏರಿಗಿಂತಲೂ ಇಲ್ಲಿ ಗಾಳಿಯ ಭಯ ಹೆಚ್ಚು. 2017ರಲ್ಲಿ ಹೊರಡುವ ಗೆರೆಯ ಬಳಿಯೇ ಸವಾರರ ಕೈಯಿಂದ ಸೈಕಲ್‌ಗಳು ಹಾರತೊಡಗಿದಾಗ ಕೂಟವನ್ನೇ ರದ್ದು ಮಾಡಬೇಕಾಯಿತು.

ಒಂದು ಹಾದಿಯ ಲೆಕ್ಕ: ಲ ಮಾರ್ಮೊಟ್

ಸಿದ್ಧತೆಯೆಂದರೆ ಏನೆಂಬುದನ್ನು ಕಾಣಲು ಫ್ರೆಂಚ್ ಆಲ್ಪ್ಸ್‌ನ ಲ ಮಾರ್ಮೊಟ್ ಒಳ್ಳೆಯ ಉದಾಹರಣೆ. 1982ರಿಂದ ನಡೆಯುತ್ತಿರುವ ಈ ಕೂಟ ಬೂರ್ಗ್ ದ್ವಾಸಾಂ ಎಂಬ ಕಣಿವೆಯ ಊರಿನಿಂದ ಹೊರಟು ಆಲ್ಪ್ ದ್ಯೂಎಜ್ ಗಿರಿಧಾಮದಲ್ಲಿ ಮುಗಿಯುತ್ತದೆ. ಸುಮಾರು 175 ಕಿ.ಮೀ. ಉದ್ದ, ಐದು ಸಾವಿರ ಮೀಟರ್ ಏರಿಕೆ. ಹೆಚ್ಚಿನ ವರ್ಷಗಳಲ್ಲಿ ಹಾದಿಯ ಏರುಗಳ ಕ್ರಮ ಒಂದೇ: 1,924 ಮೀಟರ್ ಎತ್ತರದ ಗ್ಲಾಂದೊಂ, 1,566 ಮೀಟರ್‌ನ ಟೆಲೆಗ್ರಾಫ್, 2,642 ಮೀಟರ್‌ನ ಗಾಲಿಬಿಯೆ, ಕೊನೆಗೆ 1,860 ಮೀಟರ್‌ನ ಆಲ್ಪ್ ದ್ಯೂಎಜ್. ಬೆಟ್ಟದ ರಸ್ತೆಗಳನ್ನು ಪೂರ್ತಿ ನಂಬುವಂತೆಯೂ ಇಲ್ಲ. 2015ರಲ್ಲಿ ಗುಡ್ಡ ಜರುಗಿ ಶಾಂಬೊಂ ಸುರಂಗ ಮುಚ್ಚಿದಾಗ ಗಾಲಿಬಿಯೆಯನ್ನು ಕೈಬಿಟ್ಟು ಬೇರೆ ಹಾದಿ ಹಿಡಿಯಬೇಕಾಯಿತು. ಟೂರ್ ದ ಫ್ರಾನ್ಸ್ ಕೂಡ ಆ ವರ್ಷ ಹಾಗೆಯೇ ಮಾಡಿತು.

ಕಾಗದದ ಮೇಲೆ ನಾಲ್ಕು ಹೆಸರು. ರಸ್ತೆಯಲ್ಲಿ ಅವುಗಳ ಸ್ವಭಾವ ಬೇರೆಬೇರೆ. ಗ್ಲಾಂದೊಂ ಉದ್ದದ ಏರು, ನಡುನಡುವೆ ಇಳಿದು ಮತ್ತೆ ಕಡಿದಾಗುತ್ತದೆ. ಬೆಳಗಿನ ಉಮೇದು, ಸುತ್ತಲಿನ ಗುಂಪಿನ ವೇಗ ಎರಡೂ ಸೇರಿ ಸವಾರ ತನ್ನ ಅಳತೆ ಮೀರುವುದು ಇಲ್ಲಿಯೇ. ಅದು ಕಳೆದರೆ ಮೋರಿಯೆನ್ ಕಣಿವೆಯ ಇಪ್ಪತ್ತೈದು ಕಿಲೊಮೀಟರಿನಷ್ಟು ಹೆಚ್ಚುಕಮ್ಮಿ ಸಮತಟ್ಟು ಹಾದಿ. ಆಮೇಲಿನ ಟೆಲೆಗ್ರಾಫ್ 11.9 ಕಿ.ಮೀ. ಉದ್ದಕ್ಕೂ ಸರಾಸರಿ ನೂರಕ್ಕೆ ಏಳರ ಏರು. ವಾಲ್ವಾರ್ ಊರಿಗೆ ತುಸು ಇಳಿದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಗಾಲಿಬಿಯೆಯ ಹದಿನೆಂಟು ಕಿಲೊಮೀಟರ್ ಶುರು. ಪ್ಲಾಂ ಲಾಶಾ ಎಂಬಲ್ಲಿ ಸೇತುವೆ ದಾಟಿ ಬಲಕ್ಕೆ ತಿರುಗಿದರೆ ರಸ್ತೆ ಸುತ್ತುಸುತ್ತಾಗಿ ಮೇಲೇರುತ್ತದೆ. ಮರಗಳಿಲ್ಲ, ನೆರಳಿಲ್ಲ. ಮುಂದಿನ ಎಂಟು ಕಿಲೊಮೀಟರ್ ಹಾದಿಯ ಅತಿ ಕಡಿದಾದ ಭಾಗಗಳಲ್ಲೊಂದು. ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲಿಗಿಂತ ಕಡಿಮೆ. ಅಷ್ಟರಮಟ್ಟಿಗೆ ಪ್ರತಿ ಉಸಿರಿನಲ್ಲೂ ಆಮ್ಲಜನಕ ಕಡಿಮೆ.

ಎಲ್ಲ ಮುಗಿದು ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಬೂರ್ಗ್ ದ್ವಾಸಾಂ ತಲುಪಿದವನ ಮುಂದೆ ಆಲ್ಪ್ ದ್ಯೂಎಜ್ ನಿಂತಿರುತ್ತದೆ: 13.8 ಕಿ.ಮೀ., ಸರಾಸರಿ ನೂರಕ್ಕೆ 8.1ರ ಏರು, ಇಪ್ಪತ್ತೊಂದು ತಿರುವು. ತಿರುವುಗಳಿಗೆ ಕೆಳಗಿನಿಂದ ಮೇಲಕ್ಕೆ ಇಳಿಕೆಯ ಕ್ರಮದಲ್ಲಿ ಸಂಖ್ಯೆ ಕೊಟ್ಟು, ಇಲ್ಲಿ ಗೆದ್ದ ವೃತ್ತಿಪರರ ಹೆಸರಿನ ಫಲಕ ನಿಲ್ಲಿಸಿದ್ದಾರೆ. ಕೆಳಗಿನ ಇಪ್ಪತ್ತೊಂದನೆಯ ತಿರುವಿನಲ್ಲಿ 1952ರಲ್ಲಿ ಟೂರ್ ಮೊದಲ ಸಲ ಇಲ್ಲಿಗೆ ಬಂದಾಗ ಗೆದ್ದ ಫಾವುಸ್ತೊ ಕೊಪ್ಪಿಯ ಹೆಸರಿದೆ. ಆ ಫಲಕ ಕಾಣಿಸುವ ಮೊದಲೇ ರಸ್ತೆ ನೂರಕ್ಕೆ ಹತ್ತನ್ನು ಮೀರಿ ಕಡಿದಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬಂಡೆಗೋಡೆ ಕಾದಿರುತ್ತದೆ. ಸೈಕಲ್ ತಳ್ಳಿಕೊಂಡು ನಡೆಯುವವರು, ತಡೆಗೋಡೆಗೆ ಒರಗಿ ಕುಳಿತವರು ಮೊದಲ ನಾಲ್ಕು ತಿರುವುಗಳಲ್ಲೇ ಸಿಗುತ್ತಾರೆ. ಈ ಏರು ಅವರನ್ನು ಸೋಲಿಸಿತೆಂದು ಹೇಳುವುದಕ್ಕಿಂತ, ಆರು ಗಂಟೆ ಹಿಂದೆ ಗ್ಲಾಂದೊಂನಲ್ಲಿ ಮಾಡಿದ ಖರ್ಚಿನ ಲೆಕ್ಕ ಇಲ್ಲಿ ಬಂತೆನ್ನುವುದು ಸರಿ.

ಶಕ್ತಿ, ತೂಕ, ಗೇರು

ಏರಿನಲ್ಲಿ ಗಾಳಿಯ ತಡೆ ಕಡಿಮೆ, ಗುರುತ್ವವೇ ಯಜಮಾನ. ಆದ್ದರಿಂದ ಲೆಕ್ಕ ಸುಲಭ. ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕೆ.ಜಿ. ಎಂದುಕೊಳ್ಳೋಣ. ನೂರಕ್ಕೆ ಎಂಟರ ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗ ಉಳಿಸಿಕೊಳ್ಳಲು ಸುಮಾರು 150 ವ್ಯಾಟ್ ಬೇಕು, 10 ಕಿ.ಮೀ. ವೇಗಕ್ಕೆ 190ರ ಆಸುಪಾಸು. ಮೊದಲನೆಯವನಿಗೆ ಆಲ್ಪ್ ದ್ಯೂಎಜ್ ಒಂದು ಗಂಟೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ, ಎರಡನೆಯವನಿಗೆ ಒಂದು ಗಂಟೆ ಇಪ್ಪತ್ತಮೂರು ನಿಮಿಷ. ಒಟ್ಟು ತೂಕ ಎರಡು ಕೆ.ಜಿ. ಇಳಿದರೆ ಅದೇ ಶಕ್ತಿಗೆ ಈ ಒಂದು ಏರಿನಲ್ಲಿ ಎರಡು-ಮೂರು ನಿಮಿಷ ಉಳಿಯುತ್ತದೆ. ಇನ್ನೂರು ಗ್ರಾಂ ಹಗುರವಾದ ಚಕ್ರಕ್ಕೆ ತಿಂಗಳ ಸಂಬಳ ಸುರಿಯುವವರು ಈ ಲೆಕ್ಕವನ್ನೊಮ್ಮೆ ಹಾಕಿ ನೋಡುವುದುಂಟು, ನೋಡಿಯೂ ಕೊಳ್ಳುವುದುಂಟು.

ಗೇರಿನ ಆಯ್ಕೆ ಇದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಮುಂದಿನ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೂ 34 ಹಲ್ಲು ಇದ್ದರೆ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ ಸುಮಾರು 2.1 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೆ ವೇಗ ಗಂಟೆಗೆ 8.8 ಕಿ.ಮೀ. ಹಳೆಯ ಪಂದ್ಯದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿದ್ದ 39 ಮತ್ತು 25 ಹಲ್ಲುಗಳ ಜೋಡಿಯಲ್ಲಿ ಅದೇ ವೇಗಕ್ಕೆ ನಿಮಿಷಕ್ಕೆ 45 ಸುತ್ತು ಮಾತ್ರ ಸಿಗುತ್ತದೆ. ಅಂದರೆ ಪ್ರತಿ ತುಳಿತಕ್ಕೂ ಒಂದೂವರೆ ಪಟ್ಟು ಬಲ. ಹತ್ತು ನಿಮಿಷ ಹಾಗೆ ತುಳಿಯಬಹುದು. ಎಂಟು ಗಂಟೆ ತುಳಿದರೆ ಮಂಡಿ, ಸೊಂಟ ಎರಡೂ ದೂರು ಹೇಳುತ್ತವೆ. ದೆಗ್ರಾಂಜ್‌ನ ಕಾಲದ ಬಿಗುಮಾನ ಇಂದೂ ಕೆಲವರಲ್ಲಿದೆ. ಕೂಟದ ಅಂಗಡಿಯಲ್ಲಿ ಹಿಂದಿನ ರಾತ್ರಿ ಹಿಂಚಕ್ರದ ಹಲ್ಲುಗಾಲಿಗಳ ಕ್ಯಾಸೆಟ್ ಬದಲಿಸಿಕೊಳ್ಳುವ ಸಾಲಿನಲ್ಲಿ ನಿಲ್ಲುವವರೂ ಹೆಚ್ಚಾಗಿ ಅವರೇ.

ಅಭ್ಯಾಸದ ಕ್ರಮ

ವಾರಕ್ಕೆ ಎರಡು-ಮೂರು ಸವಾರಿಯ ರೂಢಿ ಇರುವವರಿಗೂ ಇಂಥ ಕೂಟಕ್ಕೆ ಹನ್ನೆರಡರಿಂದ ಹದಿನಾರು ವಾರಗಳ ಅಭ್ಯಾಸ ಬೇಕೆಂದು ತರಬೇತುದಾರರು ಹೇಳುತ್ತಾರೆ. ಮೊದಲ ಹಂತದಲ್ಲಿ ಮಾತಾಡುತ್ತಾ ತುಳಿಯಬಹುದಾದ ನಿಧಾನ ವೇಗದ ಉದ್ದ ಸವಾರಿಗಳೇ ಹೆಚ್ಚು. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದು, ಕೊಬ್ಬನ್ನು ಇಂಧನವಾಗಿ ಬಳಸುವ ಶಕ್ತಿ ಬೆಳೆಯುವುದು ಈ ತಾಳ್ಮೆಯ ಗಂಟೆಗಳಲ್ಲಿ. ಎರಡನೆಯ ಹಂತದಲ್ಲಿ ವಾರಕ್ಕೆ ಒಂದೆರಡು ದಿನ ಗಟ್ಟಿ ಅಭ್ಯಾಸ ಸೇರುತ್ತದೆ: ಒಂದು ಗಂಟೆ ಹೊತ್ತು ಉಳಿಸಿಕೊಳ್ಳಬಲ್ಲ ಗರಿಷ್ಠ ಶಕ್ತಿಗೆ ಸ್ವಲ್ಪ ಕೆಳಗೆ ಇಪ್ಪತ್ತು ನಿಮಿಷದ ಎರಡು ಸುತ್ತು, ನಡುವೆ ವಿರಾಮ. ಶನಿವಾರ ನಾಲ್ಕೈದು ಗಂಟೆ, ದಣಿದ ಕಾಲಿನಲ್ಲೇ ಭಾನುವಾರ ಮತ್ತೆರಡು ಗಂಟೆ ಓಡಿಸುವುದು ಮೂರನೆಯ ಹಂತ. ಪ್ರತಿ ನಾಲ್ಕನೆಯ ವಾರ ಭಾರ ಇಳಿಸುತ್ತಾರೆ. ದೇಹ ಬಲಗೊಳ್ಳುವುದು ವಿಶ್ರಾಂತಿಯಲ್ಲಿ ಎಂಬುದನ್ನು ಹೊಸಬರು ಕೊನೆಗೆ ನಂಬುತ್ತಾರೆ.

ಕೂಟಕ್ಕೆ ಎರಡು ವಾರ ಇರುವಾಗ ಒಟ್ಟು ಸವಾರಿಯ ಗಂಟೆಗಳನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿ, ಚುರುಕಾದ ಸಣ್ಣ ಓಟಗಳನ್ನು ಮಾತ್ರ ಉಳಿಸಿಕೊಳ್ಳುವುದು ರೂಢಿ. ತಪ್ಪಿಹೋದ ಅಭ್ಯಾಸವನ್ನು ಈ ದಿನಗಳಲ್ಲಿ ತುಂಬಿಕೊಳ್ಳಲು ಹೊರಟವರು ದಣಿದ ಕಾಲುಗಳನ್ನೇ ಹೊತ್ತು ಗೆರೆಗೆ ಬರುತ್ತಾರೆ.

ಬೆಟ್ಟವೇ ಇಲ್ಲದ ನಾಡಿನವರು ಏನು ಮಾಡಬೇಕು? ಉತ್ತರಕ್ಕೆ ಡಚ್ಚರನ್ನು ನೋಡಬಹುದು. ಅಂಗೈಯಂತೆ ಸಪಾಟಾದ ನೆದರ್ಲೆಂಡ್ಸ್‌ನಿಂದ ಆಲ್ಪ್ ದ್ಯೂಎಜ್‌ಗೆ ಬರುವವರ ಸಂಖ್ಯೆ ಎಷ್ಟೆಂದರೆ, ಅದರ ಏಳನೆಯ ತಿರುವಿಗೆ ಡಚ್ಚರ ತಿರುವೆಂದೇ ಹೆಸರು. 2006ರಿಂದ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ನಡೆಸುವ ಆಲ್ಪ್ ದ್ಯೂಜೆಸ್ ಕಾರ್ಯಕ್ರಮದಲ್ಲಿ ಅವರು ಒಂದೇ ದಿನ ಆರು ಸಲದವರೆಗೆ ಈ ಏರು ಹತ್ತುತ್ತಾರೆ. ಊರಿನಲ್ಲಿ ಅವರಿಗೆ ಏರಿನ ಬದಲು ಎದುರುಗಾಳಿ ಇದೆ. ದೊಡ್ಡ ಗೇರಿನಲ್ಲಿ, ನಿಧಾನ ತುಳಿತದಲ್ಲಿ, ಗಾಳಿಗೆ ಮುಖ ಕೊಟ್ಟು ಗಂಟೆಗಟ್ಟಲೆ ಓಡಿಸುವುದು ನಿಲ್ಲದ ಒತ್ತಡವನ್ನು ಕಲಿಸುತ್ತದೆ. ಮನೆಯೊಳಗಿನ ಸ್ಮಾರ್ಟ್ ಟ್ರೈನರ್ ಯಂತ್ರ ಬೇಕಾದ ಬೆಟ್ಟದ ಏರನ್ನೇ ಅನುಕರಿಸಬಲ್ಲದು. ಆದರೆ ಇಳಿಯುವುದನ್ನು ಅದು ಕಲಿಸದು.

ಆಹಾರ ಮತ್ತು ನೀರು

80 ಕೆ.ಜಿ. ತೂಕವನ್ನು ಐದು ಸಾವಿರ ಮೀಟರ್ ಎತ್ತರಕ್ಕೆ ಒಯ್ಯುವ ಕೆಲಸವೇ ಸುಮಾರು 3,900 ಕಿಲೊಜೌಲ್. ತಿಂದದ್ದರಲ್ಲಿ ಕಾಲುಭಾಗದಷ್ಟು ಮಾತ್ರ ಪೆಡಲ್ ತಲುಪುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಹಾಗಾಗಿ ಏರಿಗೇ ಹೆಚ್ಚುಕಮ್ಮಿ 3,900 ಕಿಲೊಕ್ಯಾಲೊರಿ ಬೇಕು, ಸಮತಟ್ಟಿನ ಖರ್ಚು ಬೇರೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೊಜನ್ ರೂಪದಲ್ಲಿ ಕೂಡಿಟ್ಟ ಇಂಧನ ಇದರ ಅರ್ಧಕ್ಕೂ ಕಷ್ಟದಲ್ಲಿ ಸಾಕಾಗುತ್ತದೆ. ಕೊಬ್ಬು ಬೇಕಾದಷ್ಟಿದ್ದರೂ ಅದು ಉರಿಯುವುದು ನಿಧಾನ. ಗ್ಲೈಕೊಜನ್ ತಳ ಕಂಡಾಗ ಕಣ್ಣು ಕತ್ತಲೆ, ಕೈ ನಡುಕ, ಕಾಲಲ್ಲಿ ಜೀವವೇ ಇಲ್ಲದ ಸ್ಥಿತಿ ಬರುತ್ತದೆ. ಸವಾರರು ಇದಕ್ಕೆ 'ಬಾಂಕ್ ಆಯಿತು' ಎನ್ನುತ್ತಾರೆ.

ಎರಡೂವರೆ ಗಂಟೆ ಮೀರುವ ಶ್ರಮಕ್ಕೆ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೊಹೈಡ್ರೇಟ್ ಬೇಕೆಂಬುದು ಈಗಿನ ಕ್ರೀಡಾಪೋಷಣೆಯ ಸಲಹೆ. ಒಂದು ಬಾಳೆಹಣ್ಣಿನಲ್ಲಿ ಇರುವುದು ಇಪ್ಪತ್ತೈದು ಗ್ರಾಂ ಆಸುಪಾಸು. ಗ್ಲೂಕೋಸ್ ಒಂದನ್ನೇ ಕರುಳು ಗಂಟೆಗೆ 60 ಗ್ರಾಂಗಿಂತ ಹೆಚ್ಚು ಹೀರದು. ಫ್ರಕ್ಟೋಸ್ ಬೇರೆ ಬಾಗಿಲಿನಿಂದ ಒಳಹೋಗುವುದರಿಂದ ಎರಡನ್ನೂ ಬೆರೆಸಿದರೆ 90ರವರೆಗೆ ಸಾಧ್ಯ. ಕರುಳಿಗೂ ಇದು ರೂಢಿಯಾಗಬೇಕು. ಆದ್ದರಿಂದ ಕೂಟದ ದಿನ ತಿನ್ನುವುದನ್ನೇ ಅಭ್ಯಾಸದ ಸವಾರಿಗಳಲ್ಲೂ ತಿನ್ನುತ್ತಾರೆ. ಆಹಾರದ ಮೇಜಿನಲ್ಲಿ ಕಂಡ ಹೊಸ ಜೆಲ್ ಅನ್ನು ಅಲ್ಲಿಯೇ ಮೊದಲ ಸಲ ಬಾಯಿಗೆ ಹಾಕಿದವರ ಹೊಟ್ಟೆ ಮುಂದಿನ ಏರಿನಲ್ಲಿ ತಿರುಗಿಬೀಳುವುದುಂಟು. ಹಸಿವಾಗುವ ಮೊದಲು ತಿನ್ನು, ಬಾಯಾರುವ ಮೊದಲು ಕುಡಿ ಎಂದು ವೆಲೊಸಿಯೊ ತನ್ನ ಬಳಗಕ್ಕೆ ಹೇಳುತ್ತಿದ್ದ. ಮೊದಲ ಅರ್ಧ ಇಂದಿಗೂ ಹಾಗೆಯೇ ನಿಂತಿದೆ. ಎರಡನೆಯದಕ್ಕೆ ಒಂದು ಎಚ್ಚರಿಕೆ ಸೇರಿದೆ: ಬೆವರಿಗಿಂತ ಹೆಚ್ಚು ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯ ಬರಬಹುದು. ಬಿಸಿಲಿನ ದಿನ ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು-ಸಕ್ಕರೆ ಬೆರೆಸಿದ ಪಾನೀಯ ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ಇಳಿಜಾರು ಮತ್ತು ಹವೆ

ದೊಡ್ಡ ಅಪಘಾತಗಳು ಆಗುವುದು ಇಳಿಯುವಾಗ. 80 ಕೆ.ಜಿ. ಭಾರ ಸಾವಿರ ಮೀಟರ್ ಕೆಳಗಿಳಿದರೆ ಸುಮಾರು 785 ಕಿಲೊಜೌಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು: ಒಂದಿಷ್ಟು ಗಾಳಿಗೆ, ಉಳಿದದ್ದು ಬ್ರೇಕಿಗೆ. ರಿಮ್ ಬ್ರೇಕ್‌ಗಳನ್ನು ಎಡೆಬಿಡದೆ ಒತ್ತಿಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಅನುಭವಿಗಳು ನೇರ ಹಾದಿಯಲ್ಲಿ ಗಾಳಿಗೆ ಮೈಕೊಟ್ಟು, ತಿರುವಿಗೆ ಮುಂಚೆ ಎರಡೂ ಬ್ರೇಕ್‌ಗಳನ್ನು ಬಲವಾಗಿ ಒತ್ತಿ, ತಿರುವಿನೊಳಗೆ ಬಿಟ್ಟುಬಿಡುತ್ತಾರೆ. ಹೊರಗಿನ ಪೆಡಲ್ ಕೆಳಗೆ, ತೂಕ ಅದರ ಮೇಲೆ, ಕಣ್ಣು ತಿರುವಿನ ಆಚೆಗೆ. ಮಾರ್ಮೊಟ್‌ನವರು ಗ್ಲಾಂದೊಂ ಇಳಿಜಾರಿನ ಹೊತ್ತನ್ನು ಫಲಿತಾಂಶದ ಲೆಕ್ಕಕ್ಕೆ ಹಿಡಿಯುವುದನ್ನೇ ನಿಲ್ಲಿಸಿದರು. ಅಲ್ಲಿ ಧಾವಿಸಿ ಗಳಿಸುವುದಕ್ಕೆ ಏನೂ ಇಲ್ಲದಂತಾಯಿತು.

ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ತಾಪಮಾನ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕಣಿವೆಯಲ್ಲಿ ಮೂವತ್ತು ಡಿಗ್ರಿ ಇದ್ದ ದಿನ ಗಾಲಿಬಿಯೆಯ ನೆತ್ತಿಯಲ್ಲಿ ಹದಿನೆಂಟರ ಆಸುಪಾಸು. ಬೆವರಿನಲ್ಲಿ ತೊಯ್ದ ಅಂಗಿಯಲ್ಲಿ ಗಂಟೆಗೆ ಐವತ್ತು ಕಿ.ಮೀ. ವೇಗದ ಗಾಳಿಗೆ ಒಡ್ಡಿಕೊಂಡರೆ ಅದೂ ಚಳಿಯೇ, ಮಳೆ ಬಂದರೆ ಬೆರಳು ಬ್ರೇಕ್ ಹಿಡಿಯಲಾರವು. 2011ರಲ್ಲಿ ಎರಡು ಸುತ್ತುಗಳಲ್ಲಿ ನಡೆದ ಎತಾಪ್‌ನ ಎರಡನೆಯ ಸುತ್ತು ಇಸ್ವಾರ್‌ನಿಂದ ಸೇಂ ಫ್ಲೂರ್‌ಗೆ ಹೊರಟ ಜುಲೈ ದಿನ ಸುರಿದ ಮಳೆ, ಬೀಸಿದ ಗಾಳಿಗೆ ಹೆಸರು ಕೊಟ್ಟವರಲ್ಲಿ ಬಹಳಷ್ಟು ಮಂದಿ ಹೊರಡಲೇ ಇಲ್ಲ. ಹೊರಟವರಲ್ಲೂ ದೊಡ್ಡ ಪಾಲು ನಡುವೆಯೇ ಕೈಬಿಟ್ಟರು. ಅಂಗಿಯ ಹಿಂದಿನ ಜೇಬಿನಲ್ಲಿ ಮಡಚಿಡಬಹುದಾದ ಗಾಳಿತಡೆ ಜಾಕೆಟ್, ತೋಳುಗವಸು, ಉದ್ದ ಬೆರಳಿನ ಕೈಗವಸು ಬಿಸಿಲಿನ ಮುನ್ಸೂಚನೆ ಇದ್ದ ದಿನವೂ ಜೊತೆಗಿರುತ್ತವೆ.

ಕೂಟದ ದಿನ

ಹಿಂದಿನ ದಿನ ಸವಾರನ ಸಂಖ್ಯೆ, ಚಿಪ್ ಪಡೆಯಬೇಕು. ಫ್ರಾನ್ಸ್‌ನ ಕೂಟಗಳು ಬಹುಕಾಲ ವೈದ್ಯರ ಪ್ರಮಾಣಪತ್ರ ಕೇಳುತ್ತಿದ್ದವು. ಕಾನೂನು ಬದಲಾಗುತ್ತಿರುವುದರಿಂದ ಆಯಾ ವರ್ಷದ ನಿಯಮವನ್ನೇ ಓದಿಕೊಳ್ಳಬೇಕು. ಕಡ್ಡಾಯವಿರಲಿ ಬಿಡಲಿ, ನಲವತ್ತು ದಾಟಿದವರು ಹೃದಯ ತಪಾಸಣೆ ಮಾಡಿಸಿಕೊಳ್ಳುವುದು ಲೇಸು. ಹೊರಡುವ ಗುಂಪುಗಳನ್ನು ಸವಾರರ ಹಿಂದಿನ ಸಾಧನೆಯ ಆಧಾರದ ಮೇಲೆ ವಿಂಗಡಿಸುತ್ತಾರೆ. ಕೊನೆಯ ಗುಂಪಿನವರಿಗೆ ಸಮಯದ ಗಡುವು ಹೆಚ್ಚು ಬಿಗಿ. ನಿಗದಿತ ಹೊತ್ತಿಗೆ ನಿಗದಿತ ಜಾಗ ದಾಟದವರ ಚಿಪ್ ತೆಗೆದು, ಹಿಂದೆ ಬರುವ ಬಸ್ಸಿಗೆ ಹತ್ತಿಸುತ್ತಾರೆ. ಟೂರ್ ದ ಫ್ರಾನ್ಸ್ 1910ರಲ್ಲಿ ಮೊದಲ ಸಲ ಪಿರಿನೀಸ್‌ನ ದೊಡ್ಡ ಘಟ್ಟಗಳಿಗೆ ಹೋದಾಗ ಸೋತವರನ್ನು ಎತ್ತಿಕೊಳ್ಳಲು ಬಿಟ್ಟ ಬಂಡಿಯ ವಂಶ ಅದು. ಹಿಂದುಳಿದವರನ್ನು ಗುಡಿಸಿಕೊಂಡು ಬರುವ ಬಂಡಿಯೆಂಬ ಅರ್ಥದಲ್ಲಿ ಪೊರಕೆಯ ಚಿತ್ರ ಇಂದಿಗೂ ಕೆಲವು ಬಂಡಿಗಳ ಮೇಲಿದೆ.

ಸಮತಟ್ಟಿನಲ್ಲಿ ಗುಂಪಿನ ಮರೆ ಹಿಡಿಯುವುದು ಲಾಭ. ವೇಗ ಹೆಚ್ಚಿದ್ದಷ್ಟೂ ಮುಂದಿನವನ ಚಕ್ರದ ಹಿಂದೆ ಇರುವವನಿಗೆ ಉಳಿತಾಯ ಹೆಚ್ಚು, ಕಾಲುಭಾಗದವರೆಗೂ ಹೋಗುತ್ತದೆ. ಮೋರಿಯೆನ್ ಕಣಿವೆಯಲ್ಲಿ ಒಂಟಿಯಾಗಿ ಎದುರುಗಾಳಿಗೆ ಸಿಕ್ಕವನು ಒಂದು ನಿಮಿಷ ನಿಂತು ಹಿಂದಿನ ಗುಂಪಿಗೆ ಸೇರಿಕೊಳ್ಳುವುದೇ ಜಾಣತನ. ಗಂಟೆಗೆ ಹತ್ತು ಕಿ.ಮೀ. ವೇಗದ ಏರಿನಲ್ಲಿ ಮಾತ್ರ ಈ ಲಾಭ ಇಲ್ಲವೇ ಇಲ್ಲ ಎನ್ನುವಷ್ಟು. ಅಲ್ಲಿ ಪ್ರತಿಯೊಬ್ಬನೂ ತನ್ನ ಉಸಿರಿನ ಲಯವನ್ನೇ ನೋಡಿಕೊಳ್ಳಬೇಕು. ಮೊದಲ ಏರಿನಲ್ಲಿ ಒಂದು ಗಂಟೆಯ ಗರಿಷ್ಠ ಶಕ್ತಿಯ ಮುಕ್ಕಾಲನ್ನು ಮೀರಬಾರದೆಂಬುದು ಬಹಳ ತರಬೇತುದಾರರ ಮಾತು. ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಇಲ್ಲದವರಿಗೆ ಸರಳ ಪರೀಕ್ಷೆ ಪಕ್ಕದವನೊಡನೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ ಎಂಬುದು.

ಭಾರತದಲ್ಲಿ

ಪಶ್ಚಿಮಘಟ್ಟ, ನೀಲಗಿರಿಗಳ ಸಾಲು ಇದ್ದರೂ ರಸ್ತೆ ಮುಚ್ಚಿ ಸಾವಿರಾರು ಜನರನ್ನು ಬಿಡುವ ಬೆಟ್ಟದ ಕೂಟಗಳು ಭಾರತದಲ್ಲಿ ಇನ್ನೂ ಬೇರು ಬಿಟ್ಟಿಲ್ಲ. ಇಲ್ಲಿ ಗಟ್ಟಿಯಾಗಿ ಬೆಳೆದದ್ದು ಬ್ರೆವೆ ಸವಾರಿಗಳು. ತೆರೆದ ರಸ್ತೆಯಲ್ಲಿ, ಹೊರಗಿನವರ ನೆರವಿಲ್ಲದೆ, 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವುದು ಅದರ ಮೊದಲ ಮೆಟ್ಟಿಲು. ಫ್ರಾನ್ಸ್‌ನ 1,200 ಕಿ.ಮೀ. ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗುವ ಭಾರತೀಯರು ಈ ಮೆಟ್ಟಿಲುಗಳನ್ನೇ ಹತ್ತಿ ಹೋಗುತ್ತಾರೆ.

ಬೆಂಗಳೂರಿನ ಸವಾರರಿಗೆ ಏರಿನ ಪಾಠಶಾಲೆ ನಂದಿಬೆಟ್ಟ. ನಸುಕಿನಲ್ಲಿ ಬಳ್ಳಾರಿ ರಸ್ತೆ ಹಿಡಿದು ಹೊರಟವರು ಬುಡದಿಂದ ನೆತ್ತಿಗೆ ಏಳೆಂಟು ಕಿಲೊಮೀಟರ್ ಹತ್ತುತ್ತಾರೆ. ಒಂದು ಸಲಕ್ಕೆ ನಾನೂರು ಮೀಟರ್ ಆಸುಪಾಸಿನ ಏರಿಕೆ ಸಿಗುತ್ತದೆ, ಮೂರು ಸಲ ಹತ್ತಿದರೆ ಎತ್ತರದ ಲೆಕ್ಕದಲ್ಲಿ ಆಲ್ಪ್ ದ್ಯೂಎಜ್ ಮುಗಿದಂತೆ. ಆದರೆ ನಡುವಿನ ಇಳಿತಗಳ ವಿಶ್ರಾಂತಿ ಆಲ್ಪ್ಸ್‌ನಲ್ಲಿ ಸಿಗದು. ಮೈಸೂರಿನವರಿಗೆ ಚಾಮುಂಡಿಬೆಟ್ಟ, ಮಲೆನಾಡಿನವರಿಗೆ ಆಗುಂಬೆಯ ಹದಿನಾಲ್ಕು ತಿರುವುಗಳಿವೆ.

ಯುರೋಪಿನ ಏರುಗಳಿಗೆ ನಿಜವಾಗಿ ಸಾಟಿಯಾಗುವುದು ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿ. ಮೂವತ್ತಾರು ಹೇರ್‌ಪಿನ್ ತಿರುವು, ಸಾವಿರ ಮೀಟರ್‌ಗೂ ಮಿಕ್ಕಿದ ಏರಿಕೆ. 2008ರಲ್ಲಿ ಬೆಂಗಳೂರಿನ ಸವಾರರ ಬಳಗ ಆರಂಭಿಸಿದ ಟೂರ್ ಆಫ್ ನೀಲಗಿರೀಸ್ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಕರ್ನಾಟಕದ ಬಯಲಿನಿಂದ ನೀಲಗಿರಿಗೆ ಹೋಗುವ ಹಲವು ದಿನಗಳ ಸವಾರಿ. ಅದರಲ್ಲಿ ಪಾಲ್ಗೊಳ್ಳುವವರು ನೂರರ ಲೆಕ್ಕದಲ್ಲಿ ಮಾತ್ರ. ಕಲ್ಹಟ್ಟಿಯ ಏರನ್ನು ಸಮಯ ಹಿಡಿದು ಸ್ಪರ್ಧೆಯಾಗಿ ನಡೆಸುವ ದಿನಕ್ಕಾಗಿ ಅವರಲ್ಲಿ ಹೆಚ್ಚಿನವರು ತಿಂಗಳುಗಟ್ಟಲೆ ನಂದಿಯನ್ನು ಹತ್ತಿಳಿದಿರುತ್ತಾರೆ.